ಪಿರಮಿಡ್ ನೋಡಾಕ ಹೋಗಿ ಕಣ ನೋಡಿ ಬಂದೆ

ಈ ಸಲ ಬೀಜ, ಗೊಬ್ಬರ, ಕೀಡಿ ಮಾತಿಲ್ಲ. ಉಗಾದಿ ಮುಗಿಸಿ ಈಜಿಪ್ಟಿಗೆ ಹೋಗಿ ಬಂದೆ. ಮಗಳು ಅಳಿಯ ದುಬೈನಲ್ಲಿ ಇದ್ದಾರೆ, ಅವರೇ ಖರ್ಚು ಹಾಕಿ ಎಂಟು ದಿನ ಕರಕೊಂಡು ಹೋಗಿದ್ದರು. ಬಂದಾಗಿನಿಂದ ಚಾ ಅಂಗಡಿ ಕಟ್ಟಿ ಮೇಲೆ ಎಲ್ಲರದೂ ಒಂದೇ ಪ್ರಶ್ನೆ. "ಕಾಕಾ, ಪಿರಮಿಡ್ ಕಟ್ಟಿದವರು ಬ್ಯಾರೆ ಗ್ರಹದಿಂದ ಬಂದಿದ್ರಂತ, ಖರೇನ?" ಮೊಬೈಲಿನಲ್ಲಿ ಯಾವುದೋ ವಿಡಿಯೋ ಓಡಾಡ್ತಾ ಇದೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯಿತು, ಅದಕ್ಕೆ ಇಲ್ಲಿ ಬರೀತಾ ಇದ್ದೇನೆ. ಉದ್ದ ಐತಿ, ಊಟ ಆದಮೇಲೆ ಓದ್ರಿ.

ಕೈರೋ ಊರು ಮುಗಿಯೋದರೊಳಗೇ ಗಿಜಾ ಬರುತ್ತದೆ. ಮನೆಗಳ ಸಂದಿಯಲ್ಲಿ ಪಿರಮಿಡ್ ತಲೆ ಕಾಣುತ್ತದೆ. ದೊಡ್ಡದು ಖುಫು ರಾಜನದು, ಕಟ್ಟಿ ಸುಮಾರು 4,500 ವರ್ಷ ಆಯಿತು. ಎತ್ತರ ಮೊದಲು 146 ಮೀಟರ್ ಇತ್ತು, ತುದಿ ಹೋಗಿ ಈಗ 138ರ ಆಸುಪಾಸು. ನನಗೆ ಎತ್ತರಕ್ಕಿಂತ ಬುಡ ಮುಖ್ಯ ಅನ್ನಿಸಿತು. ಒಂದು ಬದಿ 230 ಮೀಟರ್. ನಿಂತಲ್ಲೇ ಲೆಕ್ಕ ಹಾಕಿದೆ, 13 ಎಕರೆ ಆಯಿತು. ನನ್ನ ಹೊಲ ನಾಲ್ಕು ಎಕರೆ. ಅಂಥ ಮೂರು ಹೊಲ ಅದರ ಅಡಿಯಲ್ಲಿ ಹಾಕಿದರೂ ಇನ್ನೊಂದು ಎಕರೆ ಉಳಿಯುತ್ತದೆ. ಅಷ್ಟೂ ಜಾಗದ ಮೇಲೆ ಕಲ್ಲು, ಸುಮಾರು 23 ಲಕ್ಷ ಕಲ್ಲು ಅಂತ ಅಂದಾಜು. ಒಂದೊಂದು ಸರಾಸರಿ ಎರಡೂವರೆ ಟನ್. ಒಳಗೂ ಹೋದೆ. ಬೆನ್ನು ಬಗ್ಗಿಸಿ ಹತ್ತಬೇಕು, ಬೆವರು ಕಿತ್ತು ಬರುತ್ತದೆ. ಕೊನೆಗೆ ಒಂದು ಕಲ್ಲಿನ ಕೋಣೆ, ಅದರಲ್ಲಿ ಮುಚ್ಚಳ ಇಲ್ಲದ ಕಲ್ಲಿನ ಪೆಟ್ಟಿಗೆ, ದನ ನೀರು ಕುಡಿಯೋ ಕಲ್ಲುದೋಣಿ ಇದ್ದಂಗ. ಖಾಲಿ. ಗೋಡೆ ಮೇಲೆ ಒಂದು ಚಿತ್ರ ಇಲ್ಲ. ನನ್ನ ಹೆಂಡತಿ ಅಲ್ಲೇ ಕುಂತು, "ಇದಕ್ಕ ಇಷ್ಟು ಮಂದಿನ್ನ ದುಡಿಸಿದ್ರ?" ಅಂದಳು.

ಆ ಇಷ್ಟು ಮಂದಿ ಯಾರು ಅನ್ನೋದಕ್ಕೆ ಈಗ ಗಟ್ಟಿ ಪುರಾವೆ ಸಿಕ್ಕಿದೆ. 1990ರಲ್ಲಿ ಪಿರಮಿಡ್ಡಿನ ದಕ್ಷಿಣಕ್ಕೆ ಒಂದು ಕುದುರೆ ಮುಗ್ಗರಿಸಿತು. ಕಾಲಿಗೆ ತಗುಲಿದ್ದು ಮರಳಿನೊಳಗಿನ ಹಸಿ ಇಟ್ಟಿಗೆಯ ಗೋಡೆ. ಅಗೆದು ನೋಡಿದರೆ ಪಿರಮಿಡ್ ಕಟ್ಟಿದ ಕೆಲಸಗಾರರ ಗೋರಿಗಳು. ಮುರಿದು ಮತ್ತೆ ಕೂಡಿದ ಕೈಕಾಲಿನ ಎಲುಬು, ಸವೆದ ಬೆನ್ನೆಲುಬು. ಅಂದರೆ ಎಲುಬು ಕೂಡಿಸಿ ಕಟ್ಟುವವರೂ ಇದ್ದರು. ಹತ್ತಿರದಲ್ಲೇ ಅವರು ಇದ್ದ ಊರು ಸಿಕ್ಕಿತು. ರೊಟ್ಟಿ ಸುಡುವ ಮನೆಗಳು, ಗಡಿಗೆಯಂಥ ಮಣ್ಣಿನ ಅಚ್ಚುಗಳು, ದನ, ಕುರಿ, ಆಡಿನ ಎಲುಬಿನ ರಾಶಿ. ಗ್ರೀಸಿನ ಹೆರೊಡೊಟಸ್ ಒಂದು ಲಕ್ಷ ಜನ ಅಂತ ಬರೆದಿದ್ದ. ಈಗಿನವರು ಇಪ್ಪತ್ತು ಮೂವತ್ತು ಸಾವಿರ ಅಂತಾರೆ. ಸಂತೆಯಲ್ಲಿ ಮಾರಿದ ಗುಲಾಮರಲ್ಲ, ಊರೂರಿಂದ ಸರದಿ ಮೇಲೆ ಬಂದ ಆಳುಗಳು. ಹಾಗಂತ ಖುಷಿಯಿಂದ ಬಂದರು ಅಂತ ತಿಳೀಬೇಡ್ರಿ. ನಮ್ಮ ಹಿರಿಯರು ಬಿಟ್ಟಿ ಚಾಕರಿ ಅಂತಿದ್ದರಲ್ಲ, ಅಂಥಾದ್ದು.

ಇನ್ನೊಂದು ಪುರಾವೆ 2013ರಲ್ಲಿ ಕೆಂಪು ಸಮುದ್ರದ ದಂಡೆಯಲ್ಲಿ ಸಿಕ್ಕಿತು. ಮೆರೆರ್ ಅನ್ನೋ ಮುಕಾದಮನ ದಿನಚರಿ. ನಲವತ್ತು ಆಳಿನ ತಂಡ ಕಟ್ಟಿಕೊಂಡು ತುರಾ ಅನ್ನೋ ಕಣಿಯಿಂದ ದೋಣಿಯಲ್ಲಿ ಬಿಳಿ ಕಲ್ಲು ಹೇರಿ ಗಿಜಾಕ್ಕೆ ಇಳಿಸುತ್ತಿದ್ದ. ಯಾವ ದಿನ ಎಲ್ಲಿ ಮಲಗಿದ, ಯಾವ ದಿನ ಕಲ್ಲು ಹೇರಿದ, ಎಲ್ಲ ಬರೆದಿಟ್ಟಿದ್ದಾನೆ. ಜಗತ್ತಿನಲ್ಲಿ ಬರಹ ಇರುವ ಪಪೈರಸ್ ಹಾಳೆಗಳಲ್ಲಿ ಇದಕ್ಕಿಂತ ಹಳೆಯದು ಸಿಕ್ಕಿಲ್ಲ. ಅದರಲ್ಲಿ ಇಸವಿ ಹೇಗೆ ಹಾಕಿದ್ದಾರೆ ಗೊತ್ತೇನ್ರಿ? "ಹದಿಮೂರನೇ ದನಗಣತಿಯ ಮರುವರ್ಷ" ಅನ್ನೋ ರೀತಿ. ಎರಡು ವರ್ಷಕ್ಕೊಮ್ಮೆ ರಾಜ್ಯದ ದನ ಎಣಿಸುತ್ತಿದ್ದರು, ಆ ಎಣಿಕೆಯೇ ಅವರ ಕ್ಯಾಲೆಂಡರ್. ನಾನು ಇದನ್ನ ಕೇಳಿ ಜೋರಾಗಿ ನಕ್ಕೆ, ಗೈಡ್ ಗಾಬರಿ ಆದ. ದನ ಯಾಕೆ ಎಣಿಸುತ್ತಾರೆ ಅಂತ ರೈತನಿಗೆ ಹೇಳಿಕೊಡಬೇಕಾಗಿಲ್ಲ. ತೆರಿಗೆಗೆ.

ಬೇರೆ ಗ್ರಹದವರಿಗೆ ರೊಟ್ಟಿ ಬೇಕಾಗಿರಲಿಲ್ಲ. ಇವರಿಗೆ ಬೇಕಾಗಿತ್ತು. ಇಪ್ಪತ್ತು ಸಾವಿರ ಆಳಿಗೆ ದಿನಾ ರೊಟ್ಟಿ, ಬಾರ್ಲಿಯ ಮದ್ಯ ಎಲ್ಲಿಂದ ಬಂತು? ನನ್ನ ತಲೆಯಲ್ಲಿ ಆಮೇಲೆ ಅದೊಂದೇ ಕೊರೀತಾ ಇತ್ತು. ಆ ಕಾಲದಲ್ಲಿ ನಾಣ್ಯ ಇರಲಿಲ್ಲ. ರಾಜನ ಖಜಾನೆ ಅಂದರೆ ಕಾಳಿನ ಕಣಜ. ಕಾಳು ಎಲ್ಲಿಂದ? ಹೊಲದಿಂದ. ಹಂಗಾಗಿ ಪಿರಮಿಡ್ಡಿನ ಬುನಾದಿ ಎಲ್ಲಿ ಐತಿ ಅಂತ ಹುಡುಕೋದಾದರೆ ಕಣಕ್ಕೇ ಹೋಗಬೇಕು.

ಕಣಕ್ಕೆ ಹೋಗೋ ಮೊದಲು ನೆಲದ ಮಾತು. ಆ ಜನ ತಮ್ಮ ದೇಶವನ್ನ ಕೆಮೆತ್ ಅಂತ ಕರೀತಿದ್ದರು. ಹಾಗಂದರೆ ಕಪ್ಪು ನೆಲ. ನಮ್ಮ ಎರಿ ಹೊಲ ಇದ್ದಂಗ. ಸುತ್ತಲಿನ ಮರಳುಗಾಡಿಗೆ ಕೆಂಪು ನೆಲ ಅಂತಿದ್ದರು. ಇಥಿಯೋಪಿಯಾದ ಗುಡ್ಡದಲ್ಲಿ ನಮ್ಮ ಮುಂಗಾರಿನ ತಿಂಗಳುಗಳಲ್ಲೇ ಮಳೆ. ಆ ನೀರು ನೈಲ್ ನದಿಗೆ ಬಂದು, ಹೊಲದ ಮೇಲೆ ಹರಡಿ, ಹೊಸ ಮೆಕ್ಕಲು ಬಿಟ್ಟು ಇಳಿಯುತ್ತಿತ್ತು. ಗೊಬ್ಬರದ ಚೀಲ ಹೊರೋ ಕೆಲಸ ಇಲ್ಲ. ವರ್ಷಕ್ಕೆ ಮೂರೇ ಹಂಗಾಮು, ನಾಲ್ಕು ನಾಲ್ಕು ತಿಂಗಳು: ನೆರೆ, ಬಿತ್ತನೆ, ಸುಗ್ಗಿ. ನೆರೆಯಲ್ಲಿ ಹೊಲ ಮುಳುಗಿ ರೈತ ಖಾಲಿ ಇದ್ದಾಗ ಕಲ್ಲಿನ ಕೆಲಸಕ್ಕೆ ಕರೆ ಬರುತ್ತಿತ್ತು ಅಂತ ಹೇಳ್ತಾರೆ. ನಾವು ಖಾಲಿ ಕುಂತಿದ್ದು ಯಾರಿಗೂ ಸೇರಂಗಿಲ್ಲ, ಅವತ್ತೂ ಅಷ್ಟೇ.

ನೆರೆ ಕಡಿಮೆ ಆದರೆ ಬರ, ಹೆಚ್ಚಾದರೆ ಊರೇ ಹೋಗುತ್ತಿತ್ತು. ಅದಕ್ಕೆ ನೀರಿನ ಮಟ್ಟ ಅಳೆಯಲು ಕಲ್ಲಿನ ಬಾವಿ, ಗೆರೆ ಕೊರೆದ ಮೆಟ್ಟಿಲು ಮಾಡಿದ್ದರು. ಕೈರೋದ ರೋದಾ ದ್ವೀಪದಲ್ಲಿ ಅಂಥದೊಂದು ಇದೆ, ಅದು ಬಹಳ ಆಮೇಲಿನದು, 861ರಲ್ಲಿ ಖಲೀಫರು ಕಟ್ಟಿಸಿದ್ದು. ರೋಮಿನ ಪ್ಲಿನಿ ಅನ್ನೋನು ಲೆಕ್ಕ ಕೊಟ್ಟಿದ್ದಾನೆ, 12 ಮೊಳ ಏರಿದರೆ ಹಸಿವು, 16 ಏರಿದರೆ ಹಬ್ಬ. ಈ ಅಳತೆ ನೋಡಿಯೇ ಆ ವರ್ಷದ ಕಂದಾಯದ ಅಂದಾಜು ಹಾಕುತ್ತಿದ್ದರು. ಇನ್ನೂ ಬಿತ್ತಿರಂಗಿಲ್ಲ, ಕೊಡೋದು ಎಷ್ಟು ಅಂತ ಬರೆದಾಗಿರುತ್ತಿತ್ತು.

ಗಿಜಾದಿಂದ ದಕ್ಷಿಣಕ್ಕೆ ಸಕ್ಕಾರ. ಅಲ್ಲಿ ಜೋಸರ್ ರಾಜನ ಮೆಟ್ಟಿಲು ಪಿರಮಿಡ್ ಇದೆ, ಇಮ್ಹೊತೆಪ್ ಅನ್ನೋ ಮಂತ್ರಿ ಮಾಡಿಸಿದ್ದು, ಗಿಜಾದವಕ್ಕಿಂತ ಹಳೆಯದು. ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಳ್ತಾರೆ. ನೀವು ಹೋದರೆ ದಯಮಾಡಿ ಪಕ್ಕದ ಅಧಿಕಾರಿಗಳ ಗೋರಿಗಳಿಗೆ ಹೋಗ್ರಿ. ತೀ ಅನ್ನೋನ ಗೋರಿಯ ಗೋಡೆ ತುಂಬ ನಮ್ಮದೇ ಬಾಳೇವು ಕೆತ್ತಿದ್ದಾರೆ. ದನದ ಹಿಂಡು ಕಾಲುವೆ ದಾಟಬೇಕು, ಮುಂದೆ ನಡೆಯೋನು ಎಳೆಗರುವನ್ನ ಬೆನ್ನ ಮೇಲೆ ಹೊತ್ತಿದ್ದಾನೆ. ಕರು ತಿರುಗಿ ತಾಯಿಯನ್ನ ನೋಡ್ತಾ ಇದೆ, ತಾಯಿ ಅದರ ಹಿಂದೆ ನೀರಿಗೆ ಇಳಿಯುತ್ತಿದೆ. ದನ ಹೊಳಿ ದಾಟಿಸಿದವರಿಗೆ ಗೊತ್ತು, ಕರು ಮುಂದೆ ಹೋದರೆ ಹಿಂಡು ತಾನಾಗೇ ಬರುತ್ತದೆ. 4,400 ವರ್ಷದ ಹಿಂದಿನ ಕಲ್ಲು ಅದು. ಇದನ್ನ ಕೆತ್ತಿದವ ಹೊಲದ ಮನೆಯಲ್ಲೇ ಹುಟ್ಟಿದವ ಅಂತ ನನಗೆ ಅನ್ನಿಸಿತು.

ಅಲ್ಲೇ ಮೆರೆರುಕ ಅನ್ನೋ ಮಂತ್ರಿಯ ಗೋರಿ, ಮೂವತ್ತಕ್ಕೂ ಹೆಚ್ಚು ಕೋಣೆ. ಒಂದು ಗೋಡೆಯಲ್ಲಿ ಊರ ಗೌಡರನ್ನ ಕುತ್ತಿಗೆ ಹಿಡಿದು ಎಳೆದು ತರ್ತಾ ಇದ್ದಾರೆ. ಎದುರಿಗೆ ಕಾರಕೂನರು ಕಾಲು ಮಡಚಿ ಕುಂತು ಬರೀತಾ ಇದ್ದಾರೆ. ಒಬ್ಬನನ್ನ ಕಂಬಕ್ಕೆ ಕಟ್ಟಿ ಬಡೀತಾ ಇದ್ದಾರೆ. ಲೆಕ್ಕ ಕೊಡದಿದ್ದಕ್ಕೆ. ಮಂತ್ರಿ ಇದನ್ನ ತನ್ನ ಸಮಾಧಿಯಲ್ಲಿ ಹೆಮ್ಮೆಯಿಂದ ಕೆತ್ತಿಸಿಕೊಂಡಿದ್ದಾನೆ ನೋಡ್ರಿ, ನಾನು ವಸೂಲಿ ಹೆಂಗ ಮಾಡ್ತಿದ್ದೆ ಅಂತ ದೇವರಿಗೆ ತೋರಿಸೋದಕ್ಕೆ.

ರಾತ್ರಿ ರೈಲು ಹತ್ತಿ ಲಕ್ಸರಿಗೆ ಹೋದೆವು. ನೈಲ್ ನದಿಯ ಪೂರ್ವಕ್ಕೆ ಊರು, ಪಶ್ಚಿಮಕ್ಕೆ ಸತ್ತವರ ಗುಡ್ಡ. ದೋಣಿ ದಾಟಿ ಕಾರಿನಲ್ಲಿ ಹೊರಟರೆ ಕಬ್ಬು, ಗೋಧಿ, ಮೇವಿನ ಬರ್ಸೀಮ್, ಕತ್ತೆ ಮೇಲೆ ಹುಲ್ಲಿನ ಹೊರೆ. ಒಂದು ಜಾಗದಲ್ಲಿ ಹಸಿರು ಚಾಕುವಿನಿಂದ ಕೊಯ್ದಂಗ ನಿಲ್ಲುತ್ತದೆ. ಒಂದು ಕಾಲು ಗೋಧಿಯಲ್ಲಿ, ಇನ್ನೊಂದು ಕಾಲು ಮರಳಿನಲ್ಲಿ ಇಟ್ಟು ನಿಲ್ಲಬಹುದು, ನಾನು ನಿಂತೆ. ಗೋರಿಗಳೆಲ್ಲ ಮರಳಿನ ಕಡೆಗೆ. ಬೆಳೆಯೋ ಮಣ್ಣು ಒಂದು ಗೇಣು ಕೆಡಿಸಿಲ್ಲ.

ರಾಜರ ಕಣಿವೆಯ ಬಗ್ಗೆ ಜಾಸ್ತಿ ಬರೆಯೋದಿಲ್ಲ, ಅದನ್ನ ಎಲ್ಲರೂ ಬರೀತಾರೆ. ತುತನ್‌ಖಾಮುನ್ ಗೋರಿ ಚಿಕ್ಕದು, 1922ರಲ್ಲಿ ಹೊವಾರ್ಡ್ ಕಾರ್ಟರ್ ಕಂಡುಹಿಡಿದದ್ದು, ಬಂಗಾರ ಎಲ್ಲ ಕೈರೋಕ್ಕೆ ಹೋಗಿದೆ. ಆದರೆ ಆ ಬಂಗಾರದ ನಡುವೆ ಒಂದು ಕಟ್ಟಿಗೆ ಚೌಕಟ್ಟು ಸಿಕ್ಕಿತ್ತು, ಓಸಿರಿಸ್ ದೇವರ ಆಕಾರದ್ದು. ಅದರಲ್ಲಿ ನದಿಯ ಮಣ್ಣು ತುಂಬಿ ಕಾಳು ಬಿತ್ತಿ ಮೊಳಕೆ ಬರಿಸಿದ್ದರು. ನವರಾತ್ರಿಗೆ ನಾವು ಘಟ್ಟ ಹಾಕ್ತೀವಲ್ಲ, ಹಂಗೇ. ಇದೇ ಮಾತಿಗೆ ಇನ್ನೊಂದು. ಗೋರಿಯಲ್ಲಿ ಸಿಕ್ಕ ಕಾಳು ಬಿತ್ತಿದರೆ ಬೆಳೀತದೆ ಅಂತ ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ "ಮಮ್ಮಿ ಗೋಧಿ" ಅಂತ ಮಾರಿದರು. ಎಲ್ಲ ಸುಳ್ಳು, ಸಾವಿರಾರು ವರ್ಷದ ಗೋಧಿ ಮೊಳೆಯೋದಿಲ್ಲ. ಬೀಜದಲ್ಲಿ ಮೋಸ ಮಾಡೋರು ಎಲ್ಲಾ ಕಾಲದಾಗೂ ಇದ್ದಾರೆ.

ಅಧಿಕಾರಿಗಳ ಗುಡ್ಡದಲ್ಲಿ ಮೆನ್ನಾ ಅನ್ನೋನ ಗೋರಿ ಇದೆ. ಕ್ರಿ.ಪೂ. 1400ರ ಆಸುಪಾಸಿನವ. ಇವನ ನೌಕರಿ, ರಾಜನ ಹೊಲಗಳ ಲೆಕ್ಕ ಬರೆಯೋದು. ನಮ್ಮ ಭಾಷೆಯಲ್ಲಿ ದೊಡ್ಡ ಕುಲಕರ್ಣಿ ಅನ್ರಿ. ಚಿಕ್ಕ ಗುಹೆ, ಆದರೆ ಬಣ್ಣ ನಿನ್ನೆ ಬಳಿದಂಗ ಐತಿ. ನಿಂತ ಪೈರಿನ ಅಂಚಿಗೆ ಆಳುಗಳು ಹಗ್ಗ ಹಿಡಿದು ಹೊಲ ಅಳೀತಾರೆ, ಜೊತೆಗೆ ಬರೆಯೋರು. ಕೊಯ್ಯೋ ಮೊದಲೇ ಇಷ್ಟು ಬೆಳೆ ಅಂತ ಕಟ್ಟೋದು. ನಮ್ಮ ಹಿರಿಯರಿಗೆ ಆಣೆವಾರಿ ಅಂದರೆ ತಕ್ಷಣ ತಿಳೀತದೆ. ಪಕ್ಕದಲ್ಲಿ ಕೊಯ್ಲು, ಕುಡಗೋಲಿನಿಂದ ತೆನೆಯ ಕೆಳಗೇ ಕೊಯ್ಯುತ್ತಾರೆ. ಹಕ್ಕಲು ಆಯುವ ಇಬ್ಬರು ಹುಡುಗಿಯರು ಜಡೆ ಹಿಡಿದು ಜಗಳ ಆಡ್ತಾ ಇದ್ದಾರೆ. ಇನ್ನೊಬ್ಬಳು ಗೆಳತಿಯ ಕಾಲಿನ ಮುಳ್ಳು ತೆಗೀತಾ ಇದ್ದಾಳೆ. ಮರದ ಕೆಳಗೆ ಒಬ್ಬ ತೂಕಡಿಕೆ. ಕಣದಲ್ಲಿ ಎತ್ತು ತಿರುಗಿಸಿ ತುಳಿಸ್ತಾರೆ, ನಮ್ಮ ಹಂತಿ ಇದ್ದಂಗೇ, ನಡುವೆ ಮೇಟಿ ಮಾತ್ರ ನನಗೆ ಕಾಣಲಿಲ್ಲ. ಆಮೇಲೆ ತೂರೋದು, ರಾಶಿ, ಅಳತೆ, ಅಳತೆ ಬರೆಯೋ ಕಾರಕೂನರ ಸಾಲು. ಅದೇ ಗೋಡೆಯಲ್ಲಿ ಒಬ್ಬ ರೈತನಿಗೆ ಕೋಲಿನ ಏಟು.

ಆ ಗೋಧಿ ಯಾವುದು ಅಂತ ಕೇಳ್ತೀರಿ, ಗೊತ್ತು. ಅದು ನಮ್ಮ ಸದಕ. ಅದೇ ಜಾತಿ, ಸಿಪ್ಪೆ ಬಿಡದ ಗೋಧಿ, ಕುಟ್ಟಿಯೇ ತೆಗೀಬೇಕು. ಈಜಿಪ್ಟಿನಲ್ಲಿ ಅದು ಯಾವಾಗಲೋ ಹೋಯಿತು, ನಮ್ಮ ಬೆಳಗಾವಿ, ವಿಜಯಪುರ, ಧಾರವಾಡದ ಕಡೆ ಹುಗ್ಗಿಗೆ ಅಂತ ಇನ್ನೂ ಉಳಿದಿದೆ.

ಏಟು ತಿನ್ನೋ ಆ ರೈತನ ಮುಂದೆ ನಾನು ನಿಂತುಬಿಟ್ಟೆ. "ಅಪ್ಪಾ, ನಡೀರಿ, ಹಿಂದ ಮಂದಿ ನಿಂತಾರ" ಅಂತ ಮಗಳು ಎರಡು ಸಲ ಕರೆದಳು.

ನನಗೆ ಆಗ ಆರೇಳು ವರ್ಷ ಇರಬೇಕು. ಅಪ್ಪ ಲಾವಣಿ ಹೊಲ ಮಾಡ್ತಿದ್ದ, ಅರ್ಧ ಪಾಲಿಗೆ. ಜೋಳದ ರಾಶಿ ಆಗಿ ಎರಡು ದಿನ ಆದರೂ ಮುಟ್ಟೋ ಹಂಗಿರಲಿಲ್ಲ, ಸುತ್ತ ಬೂದಿ ಗೆರೆ ಎಳೆದಿತ್ತು. ಹೊಲದ ಧಣಿಯ ಕಡೆಯವರು ಬಂದು ಅಳೀಬೇಕು. ಮೂರನೇ ದಿನ ಬಂದರು. ಒಬ್ಬ ಕಂಬಳಿ ಮೇಲೆ ಕುಂತು ವಹಿ ತೆಗೆದ, ಇನ್ನೊಬ್ಬ ಕೊಳಗ ಹಿಡಿದ. ಮೊದಲ ಕೊಳಗಕ್ಕೆ ಒಂದು ಅನ್ನೋದಿಲ್ಲ, ಲಾಭ ಅಂತಾರೆ, ನಿಮಗೂ ಗೊತ್ತು. ಲಾಭ, ಎರಡು, ಮೂರು ಅಂತ ಕೂಗಿದವ ಅವರ ಕಡೆಯವ. ಹಿಂದಿನ ವರ್ಷ ಬರ ಇತ್ತು, ಕೊಟ್ಟ ಬೀಜದ ಕಾಳು, ಅದರ ಬಡ್ಡಿ ಅಂತ ಅರ್ಧದ ಮೇಲೆ ಮತ್ತೆ ತೆಗೆದರು. "ಈ ಸಲ ಮಕ್ಕಳಿಗೆ ಉಳಿಯಂಗಿಲ್ರಿ ಧಣೇರ" ಅಂತ ಅಪ್ಪ ಕೈ ಮುಗಿದು ನಿಂತ. ವಹಿ ಬರೆಯೋನು ತಲೆ ಎತ್ತಲಿಲ್ಲ. ಅಪ್ಪನ್ನ ಯಾರೂ ಹೊಡೆಯಲಿಲ್ಲ. ಹೊಡೆಯೋ ಜರೂರು ಇರಲಿಲ್ಲ. ಅವ್ವ ಕಣದ ಅಂಚಿನ ಮಣ್ಣು ಮಿಕ್ಸ್ ಆದ ಕಾಳನ್ನ ಮೊರದಲ್ಲಿ ಬಳಿದು ಕೇರೋದಕ್ಕೆ ಕುಂತಳು.

1974ರ ಕಾಯ್ದೆ ಬಂದಮೇಲೆ ಅಪ್ಪ ನಮೂನೆ 7 ತುಂಬಿಸಿ, ವರ್ಷಗಟ್ಟಲೆ ಓಡಾಡಿ, ಆ ಹೊಲ ತನ್ನ ಹೆಸರಿಗೆ ಮಾಡಿಕೊಂಡ. ಮೇಲೆ ಹೇಳಿದ ನಾಲ್ಕು ಎಕರೆ ಅದೇ.

ಮೆನ್ನಾ ಗೋರಿಯಲ್ಲಿ ಒಂದು ವಿಚಿತ್ರ ಇದೆ. ಯಾರೋ ಬಂದು ಅವನ ಚಿತ್ರದ ಕಣ್ಣು ಕೆತ್ತಿ ತೆಗೆದಿದ್ದಾರೆ, ಹುಡುಕಿ ಹುಡುಕಿ ಬೇಕಂತಲೇ. ಕಣ್ಣು ಹೋದರೆ ಸತ್ತಮೇಲೆ ಅವನಿಗೆ ತನ್ನ ಹೊಲ ಕಾಣೋದಿಲ್ಲ ಅಂತ ಅವರ ನಂಬಿಕೆ. ರೈತರ, ಹುಡುಗಿಯರ ಮುಖ ಹಂಗೇ ಉಳಿದಾವ.

ಆ ಕಾಲದ ಶಾಲೆಯ ಪಾಠವೊಂದು ಪಪೈರಸ್ಸಿನಲ್ಲಿ ಉಳಿದಿದೆ, ಈಗ ಲಂಡನ್ನಿನಲ್ಲಿ ಇದೆ. ಮಕ್ಕಳು ತಿದ್ದಿ ತಿದ್ದಿ ಬರೀಬೇಕಾದ ಪಾಠ. ಅದರಲ್ಲಿ ರೈತನ ಪಾಡು ವರ್ಣಿಸಿದ್ದಾರೆ: ಹೊಲದಲ್ಲಿ ಹಾವು, ಬೀಜ ತಿಂದುಹೋಯಿತು, ಎತ್ತು ಸತ್ತಿತು. ಅಷ್ಟರಲ್ಲಿ ಕಾರಕೂನ ದೋಣಿಯಿಂದ ಇಳಿದು ಬರ್ತಾನೆ, ಕಾಳು ತಾ ಅಂತಾನೆ, ಇಲ್ಲ ಅಂದರೆ ಬಡಿತ, ಹೆಂಡತಿ ಮಕ್ಕಳನ್ನೂ ಕಟ್ಟುತ್ತಾರೆ. ಇದನ್ನೆಲ್ಲ ಬರೆದದ್ದು ರೈತನ ಮೇಲೆ ಕರುಣೆ ಬಂದು ಅಂತ ತಿಳಿದೆ. ಗೈಡ್ ಹೇಳಿದ, ಹುಡುಗರಿಗೆ "ಓದು, ಕಾರಕೂನ ಆಗು, ಇಲ್ಲದಿದ್ದರೆ ನಿನ್ನ ಗತಿಯೂ ಇಷ್ಟೇ" ಅಂತ ಹೆದರಿಸೋದಕ್ಕೆ ಬರೆಸುತ್ತಿದ್ದರು. ನಮ್ಮ ಮಾಸ್ತರು "ಓದದಿದ್ರ ದನಾ ಕಾಯಾಕ ಹೋಗ್ತಿ" ಅಂತಿದ್ದರಲ್ಲ, ಆ ಬೈಗುಳಕ್ಕೆ ಮೂರು ಸಾವಿರ ವರ್ಷ ದಾಟಿದೆ. ನಾನು ಹತ್ತನೇತ್ತೆ ಪಾಸಾಗಿ ದನಾನೇ ಕಾದೆ, ಅದು ಬ್ಯಾರೆ ಮಾತು.

ಕೊನೆಗೆ ದೇರ್ ಎಲ್ ಮದೀನಾ. ರಾಜರ ಗೋರಿ ಕೊರೆಯೋ ಕಸಬುದಾರರ ಊರು. ಒಂದಕ್ಕೊಂದು ಅಂಟಿದ ಪುಟ್ಟ ಮನೆಗಳ ಬುನಾದಿ ಹಾಗೇ ಇದೆ, ನಡುವೆ ಒಂದು ಓಣಿ. ಅಲ್ಲಿ ಸೆನ್ನೆಜೆಮ್ ಅನ್ನೋ ಕೆಲಸಗಾರ ತನಗೂ ಒಂದು ಗೋರಿ ಮಾಡಿಕೊಂಡಿದ್ದ, 1886ರಲ್ಲಿ ಸಿಕ್ಕಿತು. ಗೋಡೆ ಮೇಲೆ ಅವನೂ ಹೆಂಡತಿಯೂ ಸ್ವರ್ಗದಲ್ಲಿದ್ದಾರೆ. ಏನು ಮಾಡ್ತಿದ್ದಾರೆ? ಉಳ್ತಾ ಇದ್ದಾರೆ! ಅವನು ರಂಟಿ ಹಿಡಿದಿದ್ದಾನೆ, ಮುಂದೆ ಜೋಡಿ ಎತ್ತು, ಹಿಂದೆ ಅವಳು ಬೀಜ ಚೆಲ್ಲುತ್ತಾಳೆ. ಇಬ್ಬರದೂ ಬೆಳ್ಳಗಿನ ಅರಿವೆ, ಒಂದು ಹನಿ ಕೆಸರಿಲ್ಲ. ನನ್ನ ಹೆಂಡತಿ ನೋಡಿ, "ಇದು ಸ್ವರ್ಗಾನೇ ಬಿಡ್ರಿ, ಭೂಮಿ ಮ್ಯಾಲ ಇಂಥ ಬಿಳಿ ಅರಿವಿ ಹಾಕ್ಕೊಂಡು ಯಾರು ಬಿತ್ತತಾರ" ಅಂದಳು.

ಸ್ವರ್ಗದಲ್ಲೂ ಹೊಲದ ಕೆಲಸ ತಪ್ಪೋದಿಲ್ಲ ಅಂತ ಅವರು ನಂಬಿದ್ದರು. ದೊಡ್ಡವರು ಅದಕ್ಕೂ ಉಪಾಯ ಮಾಡಿದರು. ಶಬ್ತಿ ಅಂತ ಪುಟ್ಟ ಗೊಂಬೆಗಳು, ಕೈಯಲ್ಲಿ ಗುದ್ದಲಿ, ಬೆನ್ನಿಗೆ ಬೀಜದ ಚೀಲ. ದೇವರು ಕೆಲಸಕ್ಕೆ ಕರೆದಾಗ ನನ್ನ ಬದಲಿಗೆ ನೀನು ಹೋಗು ಅಂತ ಅದರ ಮೈಮೇಲೆ ಬರೆಸುತ್ತಿದ್ದರು. ದಿನಕ್ಕೊಂದರಂತೆ 365, ಹತ್ತು ಹತ್ತು ಆಳಿಗೆ ಒಬ್ಬ ಮುಕಾದಮನಂತೆ 36, ಒಟ್ಟು 401. ತುತನ್‌ಖಾಮುನ್‌ಗೆ 413 ಇದ್ದವು. ಆಳು ಸಿಗದೆ ಒದ್ದಾಡೋ ನಮಗೆ ಇದು ಒಳ್ಳೇ ಯೋಜನೆ, ಸಬ್ಸಿಡಿ ಕೊಟ್ಟರೆ ನಾನೂ ತಗೋತೀನಿ.

ಇದೇ ಊರಿನವರು ಜಗತ್ತಿನ ಮೊದಲ ದಾಖಲಾದ ಮುಷ್ಕರ ಮಾಡಿದವರು. ಮೂರನೇ ರಾಮ್ಸೆಸ್ ರಾಜನ 29ನೇ ವರ್ಷ, ಕ್ರಿ.ಪೂ. 1150ರ ಆಸುಪಾಸು. ಸಂಬಳ ಅಂದರೆ ಕಾಳು, ಒಬ್ಬ ಕೆಲಸಗಾರನಿಗೆ ತಿಂಗಳಿಗೆ ನಾಲ್ಕು ಖರ್ ಸದಕ, ಒಂದೂವರೆ ಖರ್ ಬಾರ್ಲಿ. ಒಂದು ಖರ್ ಅಂದರೆ 75 ಲೀಟರಿಗೂ ಸ್ವಲ್ಪ ಜಾಸ್ತಿ. ಕಾಳು ಬರೋದು ತಡವಾಯಿತು. ಹದಿನೆಂಟು ದಿನ ಕಾದರು. ಆಮೇಲೆ ಕೆಲಸ ಬಿಟ್ಟು, ಕಾವಲು ದಾಟಿ ಹೋಗಿ, ದೇವಸ್ಥಾನದ ಹಿಂದೆ ಕುಂತುಬಿಟ್ಟರು. ಹಸಿವು ನೀರಡಿಕೆಯಿಂದ ಬಂದಿದ್ದೇವೆ, ಅರಿವೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ಕಾಯಿಪಲ್ಲೆ ಇಲ್ಲ, ರಾಜನಿಗೆ ತಿಳಿಸ್ರಿ ಅಂದರು. ಕೊನೆಗೆ ಬಾಕಿ ಕಾಳು ಬಂತು. ಮತ್ತೆ ನಿಂತಿತು, ಇವರು ಮತ್ತೆ ಕುಂತರು. ಇದೆಲ್ಲ ನಮಗೆ ತಿಳಿದದ್ದು ಆ ಊರಿನ ಅಮೆನ್ನಖ್ತ್ ಅನ್ನೋ ಕಾರಕೂನನಿಂದ. ಆ ಹಾಳೆ ಈಗ ಇಟಲಿಯ ಟ್ಯುರಿನ್ನಿನಲ್ಲಿದೆ. ಬರೆಯೋರ ಮೇಲೆ ನನಗೆ ಇದ್ದ ಸಿಟ್ಟು ಇಲ್ಲಿ ಸ್ವಲ್ಪ ಇಳಿಯಿತು. ಆದರೆ ಒಂದು ಮಾತು. ಕಾಳು ತಡ ಆದದ್ದಕ್ಕೆ ಗೋರಿ ಕೊರೆಯೋರು ಕುಂತರು, ಬರೆದಿಟ್ಟರು. ಕಾಳು ಬೆಳೆದವರ ಮನೆಯಲ್ಲಿ ಆ ವರ್ಷ ಏನಿತ್ತು ಅಂತ ಒಂದು ಸಾಲು ಇಲ್ಲ.

ಗುಡ್ಡ ಇಳಿದು ಬರುವಾಗ ರಸ್ತೆ ಪಕ್ಕ ಒಂದು ಮನೆಯವರು ಗೋಧಿ ಕೊಯ್ತಾ ಇದ್ದರು. ಕಾರು ನಿಲ್ಲಿಸಿದೆ. ಉದ್ದ ನಿಲುವಂಗಿ ಹಾಕಿದ ಯಜಮಾನ, ನನ್ನ ವಯಸ್ಸಿನವ. "ಹಿಂದಿ? ಅಮಿತಾಬ್ ಬಚ್ಚನ್!" ಅಂದ. ಡ್ರೈವರ್ ಅರಬ್ಬಿಯಿಂದ ಇಂಗ್ಲಿಷಿಗೆ, ಮಗಳು ಇಂಗ್ಲಿಷಿನಿಂದ ಕನ್ನಡಕ್ಕೆ, ಹಿಂಗೆ ಮಾತಾಯಿತು. ಅವನಿಗೆ ಒಂದೂವರೆ ಫೆದ್ದಾನ್ ಹೊಲ. ಫೆದ್ದಾನ್ ನಮ್ಮ ಎಕರೆಗಿಂತ ಸುಮಾರು ಒಂದೂವರೆ ಗುಂಟೆ ಜಾಸ್ತಿ, ಆ ಮಾತಿನ ಮೂಲ ಅರ್ಥ ಜೋಡಿ ಎತ್ತು. ಕಾಳು ಅಳೆಯೋದು ಅರ್ದೆಬ್‌ನಲ್ಲಿ, ಗೋಧಿಯಾದರೆ 150 ಕಿಲೋ. 1970ರಲ್ಲಿ ಅಸ್ವಾನಿನ ದೊಡ್ಡ ಅಣೆಕಟ್ಟು ಮುಗಿದಮೇಲೆ ನೆರೆ ಬರೋದಿಲ್ಲ. ವರ್ಷಪೂರ್ತಿ ನೀರು ಇದೆ, ಆದರೆ ಮೆಕ್ಕಲು ಅಣೆಕಟ್ಟಿನ ಹಿಂದೆ ನಿಂತಿತು. "ನನ್ನಪ್ಪನಿಗೆ ನದಿ ಗೊಬ್ಬರ ಕೊಡ್ತಿತ್ತು, ನನಗೆ ಅಂಗಡಿಯವ ಕೊಡ್ತಾನೆ" ಅಂದ.

ಕುಡಗೋಲು ಇಸಕೊಂಡು ನಾನೂ ಒಂದು ಸಾಲು ಕೊಯ್ದೆ. ಗೋಡೆಯ ಚಿತ್ರ ನೋಡಿ ಬಂದ ಗುಂಗಿನಲ್ಲಿ ತೆನೆಯ ಕೆಳಗೆ ಕೈ ಹಾಕಿದೆ. ಅವ ಓಡಿ ಬಂದು ನನ್ನ ಕೈ ಹಿಡಿದು ನೆಲಕ್ಕೆ ಒತ್ತಿದ, ಬುಡಕ್ಕೇ ಕೊಯ್ಯಬೇಕು, ಹೊಟ್ಟು ದನಕ್ಕೆ, ಅದಕ್ಕೂ ರೇಟು ಇದೆ. ಆ ಗುಡ್ಡದ ಚಿತ್ರ ನೋಡಿದ್ದೀಯಾ ಅಂತ ಕೇಳಿಸಿದೆ. ಸಣ್ಣವನಿದ್ದಾಗ ಒಮ್ಮೆ ನೋಡಿದ್ದನಂತೆ. ಏಟು ತಿನ್ನೋನು ನೆನಪಿದ್ದಾನಾ ಅಂದೆ. ಅದಕ್ಕೆ ಅವ ಏನೋ ಹೇಳಿ ನಕ್ಕ, ಡ್ರೈವರನೂ ನಕ್ಕ, ಆದರೆ ಮಗಳಿಗೆ ಅದನ್ನ ಹೇಳಲಿಲ್ಲ.

ಹೊರಡುವಾಗ ನಾಲ್ಕು ತೆನೆ ಕೈಗೆ ಕೊಟ್ಟ. ವಿಮಾನದಲ್ಲಿ ಬೀಜ ತರೋ ಹಂಗಿಲ್ಲ ಅಂತ ಮಗಳು ಗದರಿದಳು, ಅದೂ ಸರಿ, ರೋಗ ಬಂದೀತು. ಕಾರಿನಲ್ಲೇ ಅಂಗೈಯಲ್ಲಿ ತಿಕ್ಕಿ ಊದಿ ಎಣಿಸಿದೆ. ದೊಡ್ಡ ತೆನೆಯಲ್ಲಿ 54 ಕಾಳು. ಎಲ್ಲರೂ ಹಂಚಿಕೊಂಡು ತಿಂದೆವು.

ಮುಂದಿನ ವಾರ ಹೆಸರಿನ ಬೀಜೋಪಚಾರದ ಬಗ್ಗೆ ಬರೀತೀನಿ. ಸದಕ ಬೀಜ ಬೇಕಾದವರು ಹಿಂಗಾರಿಗೆ ಮೊದಲೇ ಹೇಳ್ರಿ, ನನ್ನ ಹತ್ರ ಎರಡು ಚೀಲ ಐತಿ.